ಉಪಗ್ರಹ ಚಿತ್ರದಲ್ಲಿ ಬಿಳಿ ಮೋಡ, ಅಂಗಳದಲ್ಲಿ ಬಿಸಿಲು

ಪ್ರಶ್ನೆ: ಅರಬ್ಬಿ ಸಮುದ್ರದಲ್ಲಿ ಚಂಡಮಾರುತ ಎದ್ದಾಗ ಮೊಬೈಲಿನಲ್ಲಿ ಉಪಗ್ರಹ ಚಿತ್ರ ನೋಡುತ್ತೇನೆ. ಕೆಲವೊಮ್ಮೆ ನಮ್ಮೂರ ಮೇಲೆಲ್ಲ ಬೆಳ್ಳಗೆ ಮೋಡ ಇರುತ್ತದೆ, ಒಂದು ಹನಿ ಬೀಳುವುದಿಲ್ಲ. ಇನ್ನು ಕೆಲವೊಮ್ಮೆ ಚಿತ್ರದಲ್ಲಿ ಹೇಳಿಕೊಳ್ಳುವಂಥದ್ದೇನೂ ಕಾಣುವುದಿಲ್ಲ, ಇಲ್ಲಿ ಮಳೆ ಹೊಯ್ಯುತ್ತಿರುತ್ತದೆ. ಬೇಯಿಸಿದ ಅಡಿಕೆ ಅಂಗಳದಲ್ಲಿರುವಾಗ ಇದನ್ನು ನಂಬುವುದು ಹೇಗೆ? ಚಂಡಮಾರುತದ ಬಲವನ್ನೂ ಇದರಲ್ಲೇ ಅಳೆಯುತ್ತಾರಾ?
– ಅಡಿಕೆ ಬೆಳೆಗಾರರು, ಹೊಸನಗರ

ಉತ್ತರ: ನೀವು ನೋಡುತ್ತಿರುವುದು ಬಹುಶಃ ಇನ್‌ಫ್ರಾರೆಡ್ ಚಿತ್ರ. ರಾತ್ರಿಯೂ ಸಿಗುವುದು ಅದೇ. ಮೋಡದ ನೆತ್ತಿ ಎಷ್ಟು ತಣ್ಣಗಿದೆ ಎಂಬುದಷ್ಟೇ ಅದರಲ್ಲಿ ದಾಖಲಾಗುತ್ತದೆ. ನೆತ್ತಿ ತಣ್ಣಗಿದ್ದಷ್ಟೂ ಬಿಳಿ ಜಾಸ್ತಿ.

ಚಂಡಮಾರುತದ ನಡುವೆ ಮೇಲೇರಿದ ಗಾಳಿ ತುದಿಯಲ್ಲಿ ಸುತ್ತಲೂ ಹರಡುತ್ತದೆ. ಅದರ ಜೊತೆ ತೆಳುವಾದ ಹಿಮದ ಮೋಡ ನೂರಾರು ಕಿಲೋಮೀಟರ್ ಚಾಚಿಕೊಳ್ಳುತ್ತದೆ. ಅದು ತುಂಬಾ ತಣ್ಣಗಿರುವುದರಿಂದ ಚಿತ್ರದಲ್ಲಿ ಬೆಳ್ಳಗೆ ಕಾಣುತ್ತದೆ, ಆದರೆ ಮಳೆ ಕೊಡುವುದಿಲ್ಲ. ನಿಮ್ಮೂರಿನ ಮೇಲೆ ಬರುವ ಬಿಳಿ ಎಷ್ಟೋ ಸಲ ಇದೇ.

ಘಟ್ಟದ ಮಳೆಯ ಲೆಕ್ಕ ಬೇರೆ. ಸಮುದ್ರದ ಹಸಿ ಗಾಳಿ ಆಗುಂಬೆ ಕಡೆಯ ಗುಡ್ಡಗಳಿಗೆ ಬಡಿದು ಮೇಲೇರುತ್ತದೆ. ಅಲ್ಲಿ ಕಟ್ಟುವ ಮೋಡ ಅನೇಕ ಸಲ ಅಷ್ಟು ಎತ್ತರಕ್ಕೆ ಹೋಗುವುದೇ ಇಲ್ಲ. ನೆತ್ತಿ ಬೆಚ್ಚಗೇ ಇರುವುದರಿಂದ ಚಿತ್ರದಲ್ಲಿ ಬೂದು ಬಣ್ಣ. ಮಳೆ ಮಾತ್ರ ಜೋರು. ಮಲೆನಾಡಿನವರು ಇದನ್ನು ಖಂಡಿತ ನೆನಪಿಡಬೇಕು, ಏಕೆಂದರೆ ಚಂಡಮಾರುತ ದೂರದಲ್ಲಿದ್ದರೂ ಗಾಳಿ ಪಶ್ಚಿಮದಿಂದ ಬೀಸಿದರೆ ಸಾಕು. 2021ರ ಮೇನಲ್ಲಿ ತೌಕ್ತೆ ಚಂಡಮಾರುತ ತೀರ ಮುಟ್ಟಿದ್ದು ಗುಜರಾತಿನಲ್ಲಿ, 17ರ ರಾತ್ರಿ. ನಮ್ಮ ಕರಾವಳಿ, ಮಲೆನಾಡಿಗೆ ಅದರ ಮಳೆ ಮೊದಲೇ ಸಿಕ್ಕಿತ್ತು.

ಇನ್ನು ಬಲ ಅಳೆಯುವ ವಿಷಯ. ನಮ್ಮ ಕಡಲುಗಳಲ್ಲಿ ಚಂಡಮಾರುತದೊಳಗೆ ವಿಮಾನ ನುಗ್ಗಿಸಿ ಅಳೆಯುವ ರೂಢಿ ಇಲ್ಲ, ಹಾಗಾಗಿ ಉಪಗ್ರಹವೇ ಮುಖ್ಯ ಆಧಾರ. ನಮ್ಮ ದೇಶದ ಹವಾಮಾನ ಉಪಗ್ರಹ ಇನ್ಸಾಟ್-3ಡಿಆರ್ ಸಮಭಾಜಕದ ಮೇಲೆ, ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ, 74 ಡಿಗ್ರಿ ಪೂರ್ವ ರೇಖಾಂಶದಲ್ಲಿದೆ. ಹೆಚ್ಚುಕಡಿಮೆ ಶಿವಮೊಗ್ಗದ ನೇರಕ್ಕೇ ಅನ್ನಿ! ಅದು ಕಳಿಸಿದ ಚಿತ್ರದಲ್ಲಿ ಮೋಡದ ಪಟ್ಟಿ ಕೇಂದ್ರವನ್ನು ಎಷ್ಟು ಸುತ್ತಿಕೊಂಡಿದೆ, ನಡುವೆ ಮೋಡವಿಲ್ಲದ ‘ಕಣ್ಣು’ ಮೂಡಿದೆಯಾ, ಕಣ್ಣು ಬೆಚ್ಚಗಿದ್ದು ಸುತ್ತಲಿನ ಮೋಡ ಎಷ್ಟು ತಣ್ಣಗಿದೆ ಎಂದು ನೋಡುತ್ತಾರೆ. ಅಮೆರಿಕದ ವರ್ನನ್ ಡ್ವೋರಾಕ್ 1970ರ ದಶಕದಲ್ಲಿ ಬೆಳೆಸಿದ ಕ್ರಮ ಇದು. ಇದರಲ್ಲಿ 1ರಿಂದ 8ರವರೆಗೆ ‘ಟಿ’ ಅಂಕ ಕೊಡುತ್ತಾರೆ. ಟಿ 2.5 ಅಂದರೆ ಗಾಳಿ ಗಂಟೆಗೆ ಸುಮಾರು 65 ಕಿಲೋಮೀಟರ್, ಚಂಡಮಾರುತ ಎಂದು ಕರೆಯುವ ಮಟ್ಟ. ಟಿ 5 ಅಂದರೆ 165ರ ಆಸುಪಾಸು.

ಕಣ್ಣು ಮೂಡದ ಚಂಡಮಾರುತವೇ ತಜ್ಞರಿಗೆ ಹೆಚ್ಚು ಕಷ್ಟ ಕೊಡುವುದು. ಎತ್ತರದ ಗಾಳಿ ಮೋಡವನ್ನೆಲ್ಲ ಒಂದು ಕಡೆ ತಳ್ಳಿಬಿಟ್ಟರೆ ಕೇಂದ್ರ ಬೋಳಾಗಿ ಹೊರಗೆ ಉಳಿಯುತ್ತದೆ. ಅಲ್ಲಿ ಸುತ್ತುವ ತಗ್ಗು ಮೋಡಕ್ಕೂ ಸಮುದ್ರಕ್ಕೂ ಶಾಖದಲ್ಲಿ ಜಾಸ್ತಿ ವ್ಯತ್ಯಾಸ ಇಲ್ಲ, ರಾತ್ರಿ ಇನ್‌ಫ್ರಾರೆಡ್‌ನಲ್ಲಿ ಗುರುತಿಸುವುದು ಕಷ್ಟ. ಬೆಳಗಾಗಿ ಬಿಸಿಲಿನ ಬೆಳಕಿನಲ್ಲಿ ತೆಗೆದ (ವಿಸಿಬಲ್) ಚಿತ್ರ ಬಂದಾಗ ಸುಳಿ ಬೇರೆಲ್ಲೋ ಕಾಣಬಹುದು. ಬುಲೆಟಿನ್‌ನಲ್ಲಿ ಕೇಂದ್ರ ಒಮ್ಮೆಲೇ ಜಿಗಿದಂತೆ ಕಂಡರೆ ಅದನ್ನು ಯಾರದೋ ಅಜಾಗರೂಕತೆ ಅಂದುಕೊಳ್ಳಬೇಡಿ. ಮೋಡದ ಒಳಗನ್ನು ತೋರಿಸುವ ಮೈಕ್ರೋವೇವ್ ಚಿತ್ರ ಇದಕ್ಕೆ ನೆರವಾಗುತ್ತದೆ, ಆದರೆ ಧ್ರುವದಿಂದ ಧ್ರುವಕ್ಕೆ ಸುತ್ತುವ ಆ ಉಪಗ್ರಹಗಳು ಒಂದೇ ಜಾಗದ ಮೇಲೆ ದಿನಕ್ಕೆ ಕೆಲವೇ ಸಲ ಹಾಯುತ್ತವೆ.

ಅಡಿಕೆಯ ವಿಷಯಕ್ಕೆ ಬರೋಣ. ಒಂದೇ ಚಿತ್ರ ನೋಡಿ ನಿರ್ಧಾರ ಮಾಡಬೇಡಿ. ಕೆಲವು ಗಂಟೆಗಳ ಚಿತ್ರಗಳನ್ನು ಸಾಲಾಗಿ ಓಡಿಸಿ, ಹಗಲಲ್ಲಿ ವಿಸಿಬಲ್ ಚಿತ್ರವನ್ನೂ ನೋಡಿ. ಚಂಡಮಾರುತದ ಹಂತ ತಲುಪಿದ ಮೇಲೆ ಹವಾಮಾನ ಇಲಾಖೆ 3 ಗಂಟೆಗೊಮ್ಮೆ ಬುಲೆಟಿನ್ ಕೊಡುತ್ತದೆ. ಅದರ ಜೊತೆ ಜಿಲ್ಲೆಯ ಮಳೆ ಎಚ್ಚರಿಕೆಯನ್ನೂ ಓದಿ. ಪಶ್ಚಿಮದಿಂದ ಹಸಿ ಗಾಳಿ ಶುರುವಾಗಿದ್ದರೆ, ಚಿತ್ರದಲ್ಲಿ ನಿಮ್ಮೂರು ಬರೀ ಬೂದಾಗಿದ್ದರೂ, ಅಡಿಕೆಯನ್ನು ಸಂಜೆಯೊಳಗೆ ಒಳಗೆ ಸೇರಿಸಿ.