ಬರೀ ಮಳೆ, ಸ್ಕೂಲು, ಕ್ಯಾಂಟೀನು: ಓದಲಾ, ಬಿಡಲಾ?

ಪ್ರಶ್ನೆ: ನಾನು ಬಿ.ಎಸ್ಸಿ. ಎರಡನೇ ವರ್ಷ. ಹತ್ತನೇ ಕ್ಲಾಸಿನವರೆಗೆ ಕನ್ನಡ ಮೀಡಿಯಂ. ಗೆಳತಿಯೊಬ್ಬಳು ‘ಟ್ವೈಲೈಟ್’ ಸರಣಿಯ ಮೊದಲ ಪುಸ್ತಕ ಕೊಟ್ಟು, ರಕ್ತ ಕುಡಿಯುವವರ ಕತೆ, ತಾನಾಗಿಯೇ ಓದಿಸಿಕೊಂಡು ಹೋಗುತ್ತೆ ಅಂದಳು. ಐದು ಅಧ್ಯಾಯ ಮುಗಿದವು, ಬರೀ ಮಳೆ, ಸ್ಕೂಲು, ಕ್ಯಾಂಟೀನು. ಆ ಹುಡುಗಿ ಮಳೆ ಬಂತು ಅಂತ ಬೇಜಾರು ಮಾಡಿಕೊಂಡರೆ ನನಗೆ ಸಿಟ್ಟು ಬರುತ್ತದೆ. ಸಾಲಿಗೊಂದು ಸಲ ಡಿಕ್ಷನರಿ ಬೇರೆ ನೋಡಬೇಕು. ಮುಂದುವರಿಸಲಾ, ಸಿನಿಮಾ ನೋಡಿ ಸುಮ್ಮನಾಗಲಾ?
– ಓದುಗಳು, ಶಿಡ್ಲಘಟ್ಟ

ಉತ್ತರ: ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ವರ್ಷವಿಡೀ ಹರಿಯುವ ಒಂದು ನದಿಯೂ ಇಲ್ಲದ ಜಿಲ್ಲೆ ನಮ್ಮದು, ಮಳೆ ಬೇಡ ಅನ್ನುವವರನ್ನು ಕಂಡರೆ ಸಿಟ್ಟು ಬರದೆ ಇರುತ್ತಾ? ಆದರೆ ಆ ಮಳೆಯ ಪುಟಗಳನ್ನು ಮಾತ್ರ ಹಾರಿಸಬೇಡಿ, ಕತೆಯ ಬೀಗದಕೈ ಇರೋದು ಅಲ್ಲೇ.

ಕತೆ ನಡೆಯುವ ಫೋರ್ಕ್ಸ್ ಅನ್ನುವುದು ಅಮೆರಿಕದ ವಾಷಿಂಗ್ಟನ್ ರಾಜ್ಯದಲ್ಲಿ ನಿಜವಾಗಿಯೂ ಇರುವ ಸಣ್ಣ ಊರು, ತುಂಬಾ ಮಳೆಯ ಊರು. ಆ ಹುಡುಗಿ ಬೆಲ್ಲಾ ಬರುವುದು ಫೀನಿಕ್ಸ್‌ನಂಥ ಬಿಸಿಲೂರಿಂದ, ಅದಕ್ಕೇ ಅವಳಿಗೆ ಆ ಬೇಜಾರು. ಅವಳು ಬೇಡ ಅನ್ನುವ ಮೋಡವೇ ಅವಳ ಸ್ಕೂಲಿನ ಎಡ್ವರ್ಡ್‌ಗೂ ಅವನ ಮನೆಯವರಿಗೂ ಬೇಕು, ರಕ್ತ ಕುಡಿಯುವವರು ಅವರೇ. ಮೋಡ ಇದ್ದರೆ ಮಾತ್ರ ಅವರು ಹಗಲು ಹೊತ್ತು ಜನರ ಮಧ್ಯೆ ಓಡಾಡಬಹುದು. ಬಿಸಿಲು ಬಂದ ದಿನ ಆ ಮನೆಯ ಮಕ್ಕಳು ಸ್ಕೂಲಿಗೇ ಬರುವುದಿಲ್ಲ, ಮುಂದಿನ ಅಧ್ಯಾಯಗಳಲ್ಲಿ ಗಮನಿಸಿ. ಬಿಸಿಲಿಗೆ ಬಂದರೆ ಏನಾಗುತ್ತದೆ ಅನ್ನೋದು ಹದಿಮೂರನೇ ಅಧ್ಯಾಯದಲ್ಲಿದೆ, ನಾನು ಹೇಳುವುದಿಲ್ಲ.

ಏನೂ ಆಗಿಲ್ಲ ಅಂದಿರಲ್ಲ, ಮೂರನೇ ಅಧ್ಯಾಯದಲ್ಲಿ ಜಾರಿ ಬಂದ ವ್ಯಾನನ್ನು ಎಡ್ವರ್ಡ್ ಕೈಯಲ್ಲೇ ತಡೆದ. ಐದನೇದರಲ್ಲಿ ಬಯಾಲಜಿ ಕ್ಲಾಸಿನಲ್ಲಿ ಬೆರಳು ಚುಚ್ಚಿ ಬ್ಲಡ್ ಗ್ರೂಪ್ ನೋಡುವ ದಿನ ಬೆಲ್ಲಾಗೆ ತಲೆ ತಿರುಗುತ್ತದೆ. ನೀವೂ ಲ್ಯಾಬ್‌ನಲ್ಲಿ ಅದನ್ನು ಮಾಡಿರುತ್ತೀರಿ, ಅಲ್ವಾ? ಅವತ್ತು ಎಡ್ವರ್ಡ್ ಆ ಕ್ಲಾಸಿಗೆ ಯಾಕೆ ಹೋಗಲಿಲ್ಲ? ಅದನ್ನು ಯೋಚನೆ ಮಾಡಿ ಆ ಅಧ್ಯಾಯವನ್ನು ಇನ್ನೊಂದು ಸಲ ಓದಿ, ಆಗ ಕ್ಯಾಂಟೀನಿನ ಮಾತುಕತೆಯೂ ಬೇರೆ ಥರ ಕೇಳಿಸುತ್ತದೆ.

ಸರಣಿಯ ಮೊದಲ ಪುಸ್ತಕಕ್ಕೆ ಈ ಕೆಲಸ ಜಾಸ್ತಿ. ಈ ಲೋಕದಲ್ಲಿ ಯಾರು ಏನು ಮಾಡಬಹುದು, ಏನು ಮಾಡಬಾರದು ಅಂತ ಅದು ಮೊದಲು ಕಟ್ಟಬೇಕು. ಒಬ್ಬೊಬ್ಬ ಲೇಖಕರ ಕಟ್ಟಳೆ ಒಂದೊಂದು ಥರ. 1897ರ ‘ಡ್ರಾಕುಲಾ’ ಕಾದಂಬರಿಯಲ್ಲಿ ರಕ್ತ ಕುಡಿಯುವ ಡ್ರಾಕುಲಾ ಹಗಲಲ್ಲೂ ತಿರುಗುತ್ತಾನೆ, ಶಕ್ತಿ ಕಮ್ಮಿ ಅಷ್ಟೇ, ಆದರೆ ಮನೆಯವರು ಯಾರಾದರೂ ಮೊದಲ ಸಲ ಒಳಗೆ ಕರೆಯದೆ ಹೊಸಿಲು ದಾಟುವ ಹಾಗಿಲ್ಲ. ನಮ್ಮ ಕಡೆ ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆಯುತ್ತಿದ್ದರಲ್ಲ, ನಿಮ್ಮ ಅಜ್ಜಿಯನ್ನೋ ಅಮ್ಮನನ್ನೋ ಕೇಳಿ ನೋಡಿ. ಬಾಗಿಲಿಗೆ ಬಂದ ದೆವ್ವ ಅದನ್ನು ಓದಿ ವಾಪಸ್ ಹೋಗಬೇಕು. ಅಷ್ಟು ದೂರದ ಎರಡು ಕಡೆ ಹೊಸಿಲಿಗೆ ಒಂದೇ ಥರದ ಬೆಲೆ ಇರೋದು ನೋಡಿದರೆ ನನಗೆ ಪ್ರತಿ ಸಲವೂ ಮೈ ಜುಂ ಅನ್ನುತ್ತದೆ.

‘ಟ್ವೈಲೈಟ್’ನಲ್ಲಿ ಆ ಕಟ್ಟಳೆ ಇಲ್ಲ. ಎಡ್ವರ್ಡ್ ರಾತ್ರಿ ಹೊತ್ತು ಬೆಲ್ಲಾಗೆ ಗೊತ್ತಿಲ್ಲದೆ ಅವಳ ಕೋಣೆಗೆ ಬಂದು, ಅವಳು ಮಲಗಿರುವುದನ್ನು ನೋಡುತ್ತಾ ಇರುತ್ತಾನೆ. ಪುಸ್ತಕ ಅದನ್ನು ಪ್ರೀತಿ ಅನ್ನುತ್ತದೆ, ನಾನು ಒಪ್ಪುವುದಿಲ್ಲ. ಕೇಳದೆ ಒಳಗೆ ಬರುವುದು ತಪ್ಪು, ಅವನು ಎಷ್ಟೇ ಚೆಲುವನಾಗಿರಲಿ. ಅಲ್ಲಿಗೆ ಬಂದಾಗ ನಿಮಗೆ ಏನನ್ನಿಸಿತು ಅಂತ ನನಗೆ ಖಂಡಿತ ಬರೆಯಿರಿ.

ಸಿನಿಮಾ 2008ರಲ್ಲಿ ಬಂತು, ಅದನ್ನು ಆಮೇಲೆ ನೋಡಿ. ಪುಸ್ತಕ ಪೂರ್ತಿ ಬೆಲ್ಲಾಳ ಬಾಯಲ್ಲೇ ಇದೆ, ಅವಳ ಮನಸ್ಸಿನೊಳಗಿನ ಅನುಮಾನ ತೆರೆಯ ಮೇಲೆ ಅಷ್ಟು ಸಿಗುವುದಿಲ್ಲ.

ಡಿಕ್ಷನರಿ ಪಕ್ಕಕ್ಕಿಡಿ. ಒಂದೇ ಪದ ಮೂರು ಸಲ ಅಡ್ಡ ಬಂದರೆ ಮಾತ್ರ ತೆಗೆಯಿರಿ, ಮಿಕ್ಕಿದ್ದು ಸಾಲಿನ ಜೊತೆಗೇ ತಿಳಿಯುತ್ತದೆ. ಕನ್ನಡ ಮೀಡಿಯಂ ಅನ್ನುವ ಅಳುಕು ಬೇಡವೇ ಬೇಡ, ಇದರ ಇಂಗ್ಲಿಷ್ ಸರಳವಾಗಿಯೇ ಇದೆ. ಉಳಿದ ಮೂರು ಪುಸ್ತಕಗಳ ಚಿಂತೆ ಈಗಲೇ ಯಾಕೆ? ಹದಿಮೂರನೇ ಅಧ್ಯಾಯದವರೆಗೆ ಹೋಗಿ. ಅಲ್ಲಿಗೂ ಹಿಡಿಸದಿದ್ದರೆ ಗೆಳತಿಗೆ ವಾಪಸ್ ಕೊಟ್ಟುಬಿಡಿ.