ಆ ಹೇಸರಗತ್ತೆ ಯಾವ ಕಡೆ ನೋಡುತ್ತಿದೆ?

ನಮಸ್ಕಾರ. ಹಳೇ ಗ್ರೀಕ್ ಮಂಚಗಳ ಕಂಚಿನ ಪ್ರಾಣಿಗಳ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ವಿಷಯ ಹೊಸದು, ಚೆನ್ನಾಗಿ ಓದಿಕೊಂಡಿದ್ದೀರಿ. 1907ರಲ್ಲಿ ಟುನೀಶಿಯಾದ ಮಹ್ದಿಯಾ ಹತ್ತಿರ ಸಮುದ್ರದಡಿ ಸಿಕ್ಕ ಹಡಗಿನ ಬಗ್ಗೆ ಬರೆದದ್ದು ಹಾಗೇ ಇರಲಿ. ಆದರೆ ಎರಡನೇ ಪ್ಯಾರಾ ನನ್ನನ್ನು ಎರಡು ದಿನ ಬಿಡಲಿಲ್ಲ.

"ಮಂಚದ ಮೇಲೆ ರಾಜಗಾಂಭೀರ್ಯದ ಕುದುರೆಯ ತಲೆ ಕಂಗೊಳಿಸುತ್ತಿತ್ತು" ಅಂತ ಬರೆದಿದ್ದೀರಿ. ಮಂಚದ ಮೇಲೆ ಅಂದರೆ ಎಲ್ಲಿ? ಅದು ಒರಗಿಕೊಂಡು ಊಟ ಮಾಡುವ ಮಂಚ. ಎಡ ಮೊಣಕೈ ಊರಿ, ಬಲಗೈಯಲ್ಲಿ ತಿನ್ನುತ್ತಿದ್ದರು. ದಿಂಬು ಜಾರದ ಹಾಗೆ ತುದಿಯಲ್ಲಿ ಬಾಗಿದ ಆಸರೆ ಇರುತ್ತಿತ್ತು. ಅದರ ಕಂಚಿನ ಪಟ್ಟಿಗೆ ಮೇಲ್ತುದಿಯಲ್ಲಿ ಪ್ರಾಣಿಯ ತಲೆ, ಕೆಳತುದಿಯಲ್ಲಿ ದುಂಡು ಬಿಲ್ಲೆಯೊಳಗೆ ಒಂದು ಮುಖ. ಅಂದರೆ ಒರಗಿದವನ ಪಕ್ಕದಲ್ಲೇ ಆ ತಲೆ! ಇಷ್ಟು ಹೇಳಿದ್ದರೆ 'ಕಂಗೊಳಿಸುತ್ತಿತ್ತು' ಬೇಕೇ ಇರಲಿಲ್ಲ, ಅಲ್ವಾ?

ಇನ್ನು 'ಕುದುರೆ'. ಕುದುರೆ ತಲೆಗಳೂ ಇದ್ದವು, ಬಾತುಕೋಳಿಯವೂ ಇದ್ದವು. ಆದರೆ ನೀವೇ ಕಳಿಸಿದ ಫೋಟೋ ನೋಡಿ. ಉದ್ದ ಕಿವಿಗಳು ಹಿಂದಕ್ಕೆ ಬಾಗಿವೆ. ಕತ್ತು ಥಟ್ಟನೆ ಪಕ್ಕಕ್ಕೆ ಹೊರಳಿದೆ, ಬಾಯಿ ತೆರೆದಿದೆ. ತಲೆಗೆ ದ್ರಾಕ್ಷಿಬಳ್ಳಿ ಸುತ್ತಿದೆ. ಅದು ಹೇಸರಗತ್ತೆ. ದ್ರಾಕ್ಷಾರಸದ ದೇವರು ಡಯೊನೈಸಸ್‌ನ ಬಳಗದ್ದು. ಕತ್ತೆಯೊಂದು ಬಳ್ಳಿ ಮೇಯ್ದಿತು, ಆಮೇಲೆ ಹಣ್ಣು ಜಾಸ್ತಿ ಬಿಟ್ಟಿತು, ಬಳ್ಳಿ ಸವರುವುದನ್ನು ಜನ ಕಲಿತದ್ದೇ ಹಾಗೆ ಎಂಬ ಗ್ರೀಸ್‌ನ ನಾಪ್ಲಿಯಾ ಊರಿನ ಕಥೆಯನ್ನು ಹಳೇ ಗ್ರೀಕ್ ಪ್ರವಾಸಿ ಲೇಖಕ ಪೌಸೇನಿಯಸ್ ಬರೆದಿಟ್ಟಿದ್ದಾನೆ. ಕುಡಿಯುವ ಕೂಟದ ಮಂಚಕ್ಕೆ ಇದಕ್ಕಿಂತ ಒಪ್ಪುವ ಪ್ರಾಣಿ ಯಾವುದಿದೆ? 'ರಾಜಗಾಂಭೀರ್ಯ' ಅಂದ ಕೂಡಲೇ ಇದೆಲ್ಲ ಮುಚ್ಚಿಹೋಯಿತು.

ನಾನು ಕೆಲಸಕ್ಕೆ ಸೇರಿದ ಹೊಸದರಲ್ಲಿ ನಮ್ಮ ಮನೆಯ ಮರದ ತೊಟ್ಟಿಲಿನ ಬಗ್ಗೆ ಬರೆದಿದ್ದೆ. "ಸುಂದರವಾದ ಗಿಳಿಗಳ ಕೆತ್ತನೆ" ಅಂತ ಸೇರಿಸಿದ್ದೆ. ಹಿರಿಯ ಸಂಪಾದಕರು ಓದಿ, "ಗಿಳಿ ಯಾವ ಕಡೆ ನೋಡ್ತಿದೆ?" ಅಂದರು. ಗೊತ್ತಿರಲಿಲ್ಲ. ಭಾನುವಾರ ಬಸ್ಸು ಹತ್ತಿ ಊರಿಗೆ ಹೋದೆ. ಗಿಳಿಗಳು ಒಳಮುಖವಾಗಿದ್ದವು, ಮಗುವಿನ ಕಡೆಗೆ. ಒಂದರ ಕೊಕ್ಕಿನ ಬಣ್ಣ ಪೂರ್ತಿ ಹೋಗಿತ್ತು. ಅಜ್ಜಿ ತೂಗುವಾಗ ಹಿಡಿಯುತ್ತಿದ್ದದ್ದು ಅಲ್ಲೇ. ವಾಪಸ್ ಬಂದು 'ಸುಂದರವಾದ' ಹೊಡೆದುಹಾಕಿ ಆ ಕೊಕ್ಕಿನ ಬಗ್ಗೆ ಬರೆದೆ.

ನಿಮಗೆ ಫೋಟೋ ಮಾತ್ರ ಇದೆ, ನಿಜ. ಆದರೂ ಅದನ್ನು ಇನ್ನೊಂದು ಗಂಟೆ ನೋಡಿ. ಆಮೇಲೆ ಎರಡನೇ ಪ್ಯಾರಾ ಮತ್ತೆ ಬರೆದು ಕಳಿಸಿ. ಒರಗಿದವನ ಮೊಣಕೈಯಿಂದ ಶುರು ಮಾಡಿ. ಕಾಯುತ್ತಿರುತ್ತೇನೆ.