ಮುಂದಿನಿಂದ ಲಂಗ, ಒಳಗೆ ಚಡ್ಡಿ

ಪ್ರಶ್ನೆ: ನನ್ನ ಮಗಳು ಮೈಸೂರಿನ ಹಾಸ್ಟೆಲಿನಲ್ಲಿದ್ದು ಪದವಿ ಓದುತ್ತಿದ್ದಾಳೆ. ಬೇಸಿಗೆ ರಜೆಗೆ ಮನೆಗೆ ಬಂದಾಗ ಹಾಕಿಕೊಳ್ಳಲೆಂದು ಅವಳಿಗೆ ಸಡಿಲವಾದ ಹತ್ತಿ ಚಡ್ಡಿಯೊಂದನ್ನು ಹೊಲಿದೆ. ಮನೆಯಲ್ಲಿ ನಮ್ಮ ಅತ್ತೆಯವರಿರುವುದರಿಂದ, ಮುಂದಿನಿಂದ ನೋಡಿದರೆ ಲಂಗದಂತೆ ಕಾಣಲಿ ಎಂದು ಅದರ ಮೇಲೊಂದು ಹೊದಿಕೆಯ ಪದರವನ್ನೂ ಸೇರಿಸಿದೆ. ಆದರೆ ಊಟಕ್ಕೆ ನೆಲದ ಮೇಲೆ ಕುಳಿತ ಮೊದಲ ದಿನವೇ ಹಿಂಭಾಗದ ಹೊಲಿಗೆ ಬಿಟ್ಟುಕೊಂಡಿತು. ಸ್ಕೂಟರಿನಲ್ಲಿ ಹೋಗುವಾಗ ಮೇಲಿನ ಪದರ ಗಾಳಿಗೆ ಮಗುಚಿಕೊಳ್ಳುತ್ತದೆ. ಹಿಂದಿನ ಮತ್ತು ಮುಂದಿನ ತುಂಡುಗಳನ್ನು ಒಂದೇ ಕಾಗದವಿಟ್ಟು ಕತ್ತರಿಸಿದ್ದೆ. ನನ್ನಲ್ಲಿರುವುದು ಕಾಲಿನಲ್ಲಿ ತುಳಿಯುವ ಹಳೆಯ ಮಷಿನ್. ಅವಳ ಸೀಟಿನ ಅಳತೆ (ಹಿಂಬದಿಯ ಸುತ್ತಳತೆ) 38 ಇಂಚು, ಸೊಂಟ 32 ಇಂಚು. ಎಲ್ಲಿ ತಪ್ಪಿದೆ, ಹೇಗೆ ಸರಿಪಡಿಸಲಿ?
— ಓದುಗರೊಬ್ಬರು, ಮಂಡ್ಯ

ಉತ್ತರ: ನಿಮ್ಮ ಎರಡು ತೊಂದರೆಗಳಿಗೂ ಕಾರಣ ಹೊಲಿಗೆಯಲ್ಲಿಲ್ಲ, ಕತ್ತರಿಸುವುದರಲ್ಲಿದೆ. ಆದ್ದರಿಂದ ಬಿಟ್ಟುಕೊಂಡ ಜಾಗವನ್ನು ಮತ್ತೆ ಮತ್ತೆ ಹೊಲಿದು ದಣಿಯಬೇಡಿ. ಆ ಚಡ್ಡಿಯನ್ನು ಬಿಚ್ಚಿ ದಿಂಬಿನ ಚೀಲಕ್ಕೋ ಚಿಕ್ಕ ಮಕ್ಕಳ ಬಟ್ಟೆಗೋ ಬಳಸಿಕೊಂಡು, ಹೊಸ ಬಟ್ಟೆಯಲ್ಲಿ ಹೊಸದಾಗಿ ಆರಂಭಿಸುವುದೇ ಒಳ್ಳೆಯದೆಂದು ನನ್ನ ಅಭಿಪ್ರಾಯ.

ಮೊದಲು ಹಿಂಭಾಗದ ವಿಷಯ. ನಿಂತಿರುವಾಗ ನಮ್ಮ ಸೊಂಟದಿಂದ ಕಾಲು ಕವಲೊಡೆಯುವ ಜಾಗದವರೆಗೆ ಹಿಂದೆ ಎಷ್ಟು ಬಟ್ಟೆ ಬೇಕೋ, ಚಕ್ಕಳಮಕ್ಕಳ ಹಾಕಿ ಕುಳಿತಾಗ ಅದಕ್ಕಿಂತ ಹೆಚ್ಚು ಬೇಕಾಗುತ್ತದೆ, ಏಕೆಂದರೆ ಕುಳಿತೊಡನೆ ಹಿಂಬದಿಯ ದುಂಡು ಅಗಲವಾಗುತ್ತದೆ, ಸೊಂಟಪಟ್ಟಿ ಕೆಳಗೆ ಜಗ್ಗುತ್ತದೆ. ಹಿಂದಿನ ತುಂಡನ್ನು ಮುಂದಿನ ತುಂಡಿನ ಅಳತೆಗೇ ಕತ್ತರಿಸಿದರೆ ಆ ಹೆಚ್ಚಿನ ಬಟ್ಟೆ ಎಲ್ಲಿಂದಲೂ ಸಿಗುವುದಿಲ್ಲ, ಆಗ ಎಳೆತವೆಲ್ಲವೂ ನಡುವಿನ ಹೊಲಿಗೆಯ ಮೇಲೆ ಬಿದ್ದು ದಾರ ತುಂಡಾಗುತ್ತದೆ. ಮೇಜಿನ ಮೇಲಷ್ಟೇ ಊಟ ಮಾಡುವ ಮನೆಯಲ್ಲಿ ಈ ತಪ್ಪು ಬಹಳ ದಿನ ಬಯಲಿಗೆ ಬರದೇ ಇರಬಹುದು. ನೆಲದ ಮೇಲೆ ಕೂರುವ ನಮ್ಮ ಮನೆಗಳಲ್ಲಿ ಅದು ಮೊದಲ ದಿನವೇ ಗೊತ್ತಾಗುತ್ತದೆ.

ಅಳತೆ ತೆಗೆಯುವ ಬಗೆ ಹೀಗೆ. ಮಗಳ ಸೊಂಟಕ್ಕೆ ಉಡಿದಾರ ಕಟ್ಟುವಂತೆ ಒಂದು ದಾರವನ್ನು ಕಟ್ಟಿ, ಗಟ್ಟಿಯಾದ ಮರದ ಕುರ್ಚಿಯ ಮೇಲೆ ನೆಟ್ಟಗೆ ಕೂರಿಸಿ, ಪಕ್ಕದಿಂದ ಆ ದಾರದಿಂದ ಕುರ್ಚಿಯ ಹಲಗೆಯವರೆಗೆ ಟೇಪು ಹಿಡಿಯಿರಿ. ಅದು 10 ಇಂಚು ಬಂದಿತೆಂದು ಇಟ್ಟುಕೊಳ್ಳೋಣ. ಅದಕ್ಕೆ ಸಡಿಲಿಕೆಗಾಗಿ 1 ಇಂಚು ಸೇರಿಸಿದರೆ 11 ಆಯಿತು, ಇದೇ ಕವಲಿನ ಆಳ. ಹಳೆಯ ಜೀನ್ಸಿನಿಂದ ಈ ಅಳತೆಯನ್ನು ನಕಲು ಮಾಡಬೇಡಿ, ಅದು ಸೊಂಟಕ್ಕಿಂತ ಕೆಳಗೆ ನಿಲ್ಲುವ, ಮೈಗೆ ಹತ್ತಿದ ಉಡುಪು.

ಸೀಟಿನ 38 ಇಂಚಿಗೆ ಒಟ್ಟು 4 ಇಂಚು ಸಡಿಲಿಕೆ ಕೊಟ್ಟರೆ 42, ಅದರ ನಾಲ್ಕನೇ ಒಂದು ಭಾಗ ಹತ್ತೂವರೆ ಇಂಚು. ಕಾಗದದ ಮೇಲೆ ಹತ್ತೂವರೆ ಇಂಚು ಅಗಲ, 18 ಇಂಚು ಉದ್ದದ ಆಯವೊಂದನ್ನು ಬರೆದು, ಮೇಲಿನಿಂದ 11 ಇಂಚಿಗೆ ಅಡ್ಡಗೆರೆ ಎಳೆಯಿರಿ. ಮುಂದಿನ ತುಂಡಿಗೆ ಆ ಗೆರೆಯನ್ನು ಆಯದ ಹೊರಗೆ ಎರಡೂವರೆ ಇಂಚು ಚಾಚಿ, ಗೆರೆಗಿಂತ ಸುಮಾರು 3 ಇಂಚು ಮೇಲಿನಿಂದ ಆ ತುದಿಗೆ ಬಾಗಿದ ಗೆರೆಯನ್ನು ಎಳೆದು, ತುದಿಯಿಂದ ಕೆಳಗಿನ ಅಂಚಿಗೆ ಅರ್ಧ ಇಂಚು ಒಳಗೆ ಬರುವಂತೆ ಒಳಗಾಲಿನ ಗೆರೆಯನ್ನು ಇಳಿಸಿ. ಹಿಂದಿನ ತುಂಡಿಗೆ ಬೇರೆಯೇ ಕಾಗದ ಬೇಕು. ಇಲ್ಲಿ ಅಡ್ಡಗೆರೆಯನ್ನು ನಾಲ್ಕೂವರೆ ಇಂಚು ಚಾಚಬೇಕು, ಮತ್ತು ನಡುಗೆರೆಯನ್ನು, ಅಂದರೆ ಅಡ್ಡಗೆರೆ ಚಾಚಿದ ಬದಿಯ ಉದ್ದಗೆರೆಯನ್ನು, ಸೊಂಟದ ಬಳಿ ಒಂದೂಕಾಲು ಇಂಚು ಮೇಲಕ್ಕೆ ಏರಿಸಿ, ಪಕ್ಕದ ಹೊಲಿಗೆಯ ಕಡೆಗೆ ಬರುವಾಗ ಸೊನ್ನೆಗೆ ಇಳಿಸಬೇಕು. ಈ ಏರಿಕೆಯೇ ಕುಳಿತಾಗ ಬೇಕಾಗುವ ಹೆಚ್ಚಿನ ಬಟ್ಟೆ. ಎರಡು ತುಂಡುಗಳ ಒಳಗಾಲಿನ ಗೆರೆಗಳ ಉದ್ದ ಒಂದೇ ಇದೆಯೇ ಎಂದು ಟೇಪಿನಿಂದ ನೋಡಿಕೊಳ್ಳಿ. ಕತ್ತರಿಸುವಾಗ ಹೊಲಿಗೆಗಾಗಿ ಸುತ್ತಲೂ ಅರ್ಧ ಇಂಚು, ಮೇಲೆ ಎಲಾಸ್ಟಿಕ್ ಮಡಿಕೆಗೆ ಒಂದೂವರೆ ಇಂಚು, ಕೆಳಗಿನ ಮಡಿಕೆಗೆ ಒಂದೂವರೆ ಇಂಚು ಬಿಡಿ.

ಇನ್ನು ಹೊದಿಕೆ. ನೀವು ಬಹುಶಃ ಅದನ್ನು ಒಂದು ಪಕ್ಕದ ಹೊಲಿಗೆಯಲ್ಲಷ್ಟೇ ಸೇರಿಸಿ, ಇನ್ನೊಂದು ಅಂಚನ್ನು ಸೊಂಟದಿಂದ ಕೆಳಗಿನವರೆಗೆ ನೇರವಾಗಿ ಬಿಟ್ಟಿದ್ದೀರಿ. ಹಾಗೆ ಮಾಡಿದಾಗ ಅದು ಕೀಲುಗಳ ಮೇಲೆ ತಿರುಗುವ ಬಾಗಿಲಿನಂತೆ ಗಾಳಿಗೆ ತೆರೆದುಕೊಳ್ಳುತ್ತದೆ. ಗುಂಡುಸೂಜಿ ಚುಚ್ಚಿಕೊಂಡು ಗಾಡಿ ಓಡಿಸುವುದು ಅಪಾಯ, ದಯವಿಟ್ಟು ಹಾಗೆ ಮಾಡಲು ಮಗಳಿಗೆ ಹೇಳಬೇಡಿ. ಹೊದಿಕೆಯನ್ನು ಮೂರು ಕಡೆ ಹಿಡಿಸಬೇಕು: ಸೊಂಟದ ಉದ್ದಕ್ಕೂ, ಬಲಪಕ್ಕದ ಹೊಲಿಗೆಯಲ್ಲಿ ಪೂರ್ತಿಯಾಗಿ, ಎಡಪಕ್ಕದ ಹೊಲಿಗೆಯಲ್ಲಿ ಸೊಂಟದ ಪಟ್ಟಿಯಿಂದ ಕೆಳಗೆ 4 ಇಂಚಿನಷ್ಟು. ಅಲ್ಲಿಂದ ಮುಂದೆ ಅಂಚು ಬಿಡಿಯಾಗಿ, ಬಾಗುತ್ತಾ ಬಲಕ್ಕೆ ಸರಿದು, ಕೆಳಗೆ ಎಡಪಕ್ಕದಿಂದ ಸುಮಾರು 5 ಇಂಚು ಒಳಗೆ ಮುಗಿಯಲಿ. ಹೊರಗಿನಿಂದ ಅದು ಸುತ್ತಿ ಉಟ್ಟ ಲಂಗದಂತೆಯೇ ಕಾಣುತ್ತದೆ, ನಡೆಯುವಾಗ ಬೇಕಾದ ಬಿಡುವೂ ಇರುತ್ತದೆ, ಆದರೆ ಪೂರ್ತಿ ಮಗುಚುವಷ್ಟು ಬಿಡಿ ಅಂಚು ಗಾಳಿಗೆ ಸಿಗುವುದಿಲ್ಲ. ಅಷ್ಟಾದರೂ ಧೈರ್ಯ ಸಾಲದಿದ್ದರೆ ಬಾಗಿದ ಅಂಚಿನ ನಡುವೆ ಒಂದೇ ಒಂದು ಟಿಚ್ ಬಟನ್ ಹಾಕಿ, ಅದರ ಜೊತೆಯನ್ನು ಒಳಗಿನ ಚಡ್ಡಿಗೆ ಹೊಲಿಯಿರಿ.

ಹೊದಿಕೆಯ ಕಾಗದಕ್ಕೆ ಹೊಸ ಲೆಕ್ಕ ಬೇಡ. ಮುಂದಿನ ತುಂಡಿನ ಕಾಗದದಲ್ಲಿ ಕವಲಿಗೆಂದು ಚಾಚಿದ ಎರಡೂವರೆ ಇಂಚನ್ನು ಬಿಟ್ಟು, ನಡುಗೆರೆಯನ್ನು ನೇರವಾಗಿ ಕೆಳಗಿಳಿಸಿ, ಆ ಗೆರೆಯ ಮೇಲೆ ಕಾಗದವನ್ನು ಮಗುಚಿ ಎರಡು ಪಟ್ಟು ಮಾಡಿದರೆ 21 ಇಂಚು ಅಗಲದ ಪೂರ್ತಿ ಮುಂಭಾಗ ಸಿಗುತ್ತದೆ. ಅದರ ಮೇಲೆ ಬಾಗಿದ ಅಂಚನ್ನು ಬರೆಯಿರಿ. ಹೊಲಿದು ಮುಗಿದಾಗ ಹೊದಿಕೆಯ ಕೆಳ ಅಂಚು ಚಡ್ಡಿಯ ಕೆಳ ಮಡಿಕೆಗಿಂತ ಕಾಲು ಇಂಚು ಮೇಲೆಯೇ ನಿಲ್ಲಬೇಕು. ಉದ್ದವಾದರೆ ಬಲಪಕ್ಕದಲ್ಲಿ ಅದು ಚಡ್ಡಿಯ ಮಡಿಕೆಯೊಳಗೆ ಸಿಕ್ಕಿಕೊಂಡು ಆ ಮೂಲೆ ಎಂದೆಂದಿಗೂ ಸುಕ್ಕಾಗಿಯೇ ಉಳಿಯುತ್ತದೆ.

ಹೊಲಿಯುವ ಕ್ರಮ ಮುಖ್ಯ, ಏಕೆಂದರೆ ಒಂದು ಹಂತ ಹಿಂದುಮುಂದಾದರೂ ಹೊದಿಕೆಯನ್ನು ಸೇರಿಸಲು ದಾರಿಯಿರುವುದಿಲ್ಲ. ಹೊದಿಕೆಯ ಬಾಗಿದ ಅಂಚು ಮತ್ತು ಕೆಳ ಅಂಚನ್ನು ಮೊದಲೇ ಮುಗಿಸಿಟ್ಟುಕೊಳ್ಳಿ. ಬಾಗಿದ ಅಂಚು ಓರೆಯಾಗಿ ಕತ್ತರಿಸಿದ್ದಾದ್ದರಿಂದ ಎಳೆದರೆ ಹಿಗ್ಗುತ್ತದೆ, ಅಲ್ಲಿ ಬರಿ ಮಡಿಕೆಗಿಂತ ತೆಳುವಾದ ಕ್ರಾಸ್ ಪಟ್ಟಿಯನ್ನು (ಓರೆಯಾಗಿ ಕತ್ತರಿಸಿದ ಪಟ್ಟಿ) ಕೊಟ್ಟು ಒಳಗೆ ಮಡಚುವುದು ಚೆಂದ. ಬಳಿಕ ಮುಂದಿನ ಎರಡು ತುಂಡುಗಳನ್ನು ಕವಲಿನ ಬಾಗಿನಲ್ಲಿ ಜೋಡಿಸಿ, ಹಿಂದಿನ ಎರಡನ್ನೂ ಹಾಗೆಯೇ ಜೋಡಿಸಿ. ಈ ಬಾಗಿನಲ್ಲಿ ಇಂಚಿಗೆ 10ರಿಂದ 12 ಹೊಲಿಗೆ ಬೀಳುವಂತೆ ಮಷಿನ್ ಹೊಂದಿಸಿ, ಬಟ್ಟೆಯನ್ನು ಮುಂದೆ ಹಿಂದೆ ತುಸು ಬಿಗಿಯಾಗಿ ಹಿಡಿದು ಹೊಲಿಯಿರಿ, ಮೊದಲ ಸಾಲಿನ ಪಕ್ಕದಲ್ಲಿಯೇ ಎರಡನೆಯ ಸಾಲನ್ನೂ ಹಾಕಿ. ತುಳಿಯುವ ಮಷಿನ್‌ಗೆ ನೇರ ಹೊಲಿಗೆ ಮಾತ್ರ ಗೊತ್ತು ಎಂದು ಕೊರಗಬೇಡಿ. ನಿಧಾನವಾಗಿ ತುಳಿಯಬಹುದಾದ ಆ ಮಷಿನ್ ಬಾಗುಗಳಿಗೆ ವಿದ್ಯುತ್ ಮಷಿನ್‌ಗಿಂತ ಹೆಚ್ಚು ವಿಧೇಯವಾಗಿರುವುದನ್ನು ನಾನು ಕಂಡಿದ್ದೇನೆ. ಹೊಲಿದ ಮೇಲೆ ಬಾಗಿನ ಅಂಚನ್ನು ಕಾಲು ಇಂಚಿಗೆ ಕತ್ತರಿಸಿ, ಎಳೆ ಬಿಡದಂತೆ ಅಂಚಿಗೆ ಓವರ್‌ಲಾಕ್ ಮಾಡಿಕೊಡುವ ಅಂಗಡಿಯಲ್ಲಿ ಒಮ್ಮೆ ಕೊಟ್ಟು ತನ್ನಿ, ಇಲ್ಲವೇ ಕೈಯಿಂದ ಸುತ್ತುಹೊಲಿಗೆ ಹಾಕಿ.

ಈಗ ಮುಂಭಾಗದ ಸರಿಮೈಯ (ಹೊರಗೆ ಕಾಣುವ ಮೈಯ) ಮೇಲೆ ಹೊದಿಕೆಯನ್ನು ಹರಡಿ, ಸೊಂಟ, ಬಲಪಕ್ಕ ಮತ್ತು ಎಡಪಕ್ಕದ ಆ 4 ಇಂಚಿನಲ್ಲಿ ಕಚ್ಚಾ ಹೊಲಿಗೆಯಿಂದ (ತಾತ್ಕಾಲಿಕವಾದ ಉದ್ದುದ್ದ ಹೊಲಿಗೆ) ನಿಲ್ಲಿಸಿ. ಹಿಂಭಾಗವನ್ನು ಅದರ ಮೇಲೆ ಸರಿಮೈ ಒಳಗಾಗುವಂತೆ ಇಟ್ಟು ಎರಡೂ ಪಕ್ಕಗಳನ್ನು ಹೊಲಿಯಿರಿ. ಎಡಪಕ್ಕ ಹೊಲಿಯುವಾಗ ಹೊದಿಕೆಯ ಬಿಡಿ ಭಾಗವನ್ನು ಮಡಚಿ ನಡುವಿಗೆ ಸರಿಸಿ ಪಿನ್ ಮಾಡುವುದನ್ನು ಮರೆಯಬೇಡಿ, ಮರೆತರೆ ಅದೂ ಹೊಲಿಗೆಗೆ ಸಿಕ್ಕಿ ಇಡೀ ಪಕ್ಕವನ್ನು ಬಿಚ್ಚಬೇಕಾಗುತ್ತದೆ. ಆಮೇಲೆ ಒಂದು ಕಾಲಿನ ಕೆಳ ಅಂಚಿನಿಂದ ಹೊರಟು ಕವಲನ್ನು ದಾಟಿ ಇನ್ನೊಂದು ಕಾಲಿನ ಅಂಚಿನವರೆಗೆ ಒಳಗಾಲಿನ ಹೊಲಿಗೆಯನ್ನು ಒಂದೇ ಓಟದಲ್ಲಿ ಮುಗಿಸಬಹುದು.

ಸೊಂಟದ ಮಡಿಕೆಯಲ್ಲಿ ಮುಂದೆ ಎರಡೆರಡು ಬಟ್ಟೆ ಸೇರಿ ದಪ್ಪವಾಗುತ್ತದೆ. ಅದಕ್ಕೆ ಉಪಾಯವಿದೆ: ಕಚ್ಚಾ ಹೊಲಿಗೆ ಹಾಕಿದ ಮೇಲೆ, ಒಳಗಿನ ಚಡ್ಡಿಯ ಬಟ್ಟೆಯನ್ನಷ್ಟೇ ಮಡಿಕೆಯ ಗೆರೆಯಿಂದ ಅರ್ಧ ಇಂಚು ಬಿಟ್ಟು ಕತ್ತರಿಸಿ ತೆಗೆಯಿರಿ. ಹೊದಿಕೆಯ ಬಟ್ಟೆ ಒಳಕ್ಕೆ ಮಡಚಿಕೊಂಡಾಗ ಆ ಕತ್ತರಿಸಿದ ಅಂಚನ್ನು ತಾನೇ ಮುಚ್ಚುತ್ತದೆ. ಮೇಲಂಚನ್ನು ಕಾಲು ಇಂಚು, ಮತ್ತೆ ಒಂದೂಕಾಲು ಇಂಚು ಮಡಚಿ ಹೊಲಿದು, ಹಿಂದಿನ ನಡುವಿನಲ್ಲಿ 2 ಇಂಚು ಬಾಯಿ ಬಿಟ್ಟು, 1 ಇಂಚು ಅಗಲದ ಎಲಾಸ್ಟಿಕ್ಕನ್ನು ಪಿನ್ನಿನ ಸಹಾಯದಿಂದ ತೂರಿಸಿ. 32 ಇಂಚಿನ ಸೊಂಟಕ್ಕೆ 30 ಇಂಚಿನ ತುಂಡು ಸಾಕು, ಅದರಲ್ಲಿ 1 ಇಂಚು ಜೋಡಣೆಗೆ ಹೋಗುತ್ತದೆ. ಕತ್ತರಿಸುವ ಮೊದಲು ಮಗಳ ಸೊಂಟಕ್ಕೆ ಸುತ್ತಿ ನೋಡಿ, ಒಂದೊಂದು ಎಲಾಸ್ಟಿಕ್‌ನ ಬಿಗಿ ಒಂದೊಂದು ಬಗೆ. ಬಾಯಿ ಮುಚ್ಚಿದ ಮೇಲೆ ಎರಡೂ ಪಕ್ಕದ ಹೊಲಿಗೆಯ ಜಾಗದಲ್ಲಿ ಎಲಾಸ್ಟಿಕ್ ಸೇರಿ ಬರುವಂತೆ ಲಂಬವಾಗಿ ಒಂದು ಹೊಲಿಗೆ ಹಾಕಿದರೆ ಅದು ಒಳಗೆ ತಿರುಚಿಕೊಳ್ಳುವುದಿಲ್ಲ. ಕಾಲುಗಳ ಕೆಳ ಮಡಿಕೆಯನ್ನು ಹೊದಿಕೆಯನ್ನು ಮೇಲೆತ್ತಿ ಹಿಡಿದು ಹೊಲಿಯಿರಿ.

ಪ್ರಶ್ನೆ: ಇಂಥ ಉಡುಪಿಗೆ ಯಾವ ಬಟ್ಟೆ, ಎಷ್ಟು ಕೊಳ್ಳಬೇಕು? ನಮ್ಮ ಯಜಮಾನರ ಹಳೆಯ ಮೇಲುಕೋಟೆ ಪಂಚೆಯೊಂದಿದೆ, ಅದು ಬಳಕೆಗೆ ಬಂದೀತೇ?
— ಓದುಗರೊಬ್ಬರು, ಪಾಂಡವಪುರ

ಉತ್ತರ: ಮೇಲಿನ ಅಳತೆಗೆ ಒಟ್ಟು 2 ಮೀಟರ್ ಸಾಕು. ಅಂಗಡಿಯಲ್ಲಿ ಪನ್ನ, ಅಂದರೆ ಬಟ್ಟೆಯ ಅಗಲ, ಎಷ್ಟು ಎಂದು ಕೇಳಿ. 36 ಇಂಚಿನ ಪನ್ನವಾದರೂ ಮುಂದಿನ ಜೋಡಿ, ಹಿಂದಿನ ಜೋಡಿ, ಹೊದಿಕೆ ಒಂದರ ಕೆಳಗೊಂದು ಕೂರುತ್ತವೆ. ಒಳಗಿನ ಚಡ್ಡಿಗೆ ಸ್ವಲ್ಪ ಮೈಯುಳ್ಳ ಹತ್ತಿ ಬಟ್ಟೆಯನ್ನೂ ಹೊದಿಕೆಗೆ ತೆಳುವಾದ ಮಲ್ ಬಟ್ಟೆಯನ್ನೂ ಆರಿಸಿಕೊಳ್ಳಿ, ಮುಂದೆ ಎರಡು ಪದರ ಬರುವುದರಿಂದ ಎರಡೂ ದಪ್ಪವಾದರೆ ಬೇಸಿಗೆಯ ಉಡುಪೆಂಬ ಮಾತಿಗೆ ಅರ್ಥವಿರುವುದಿಲ್ಲ. ನಂಜನಗೂಡು ತಾಲ್ಲೂಕಿನ ಬದನವಾಳಿನ ಖಾದಿಯಂಥ ಕೈನೂಲಿನ ಬಟ್ಟೆ ಒಳಗಿನ ಚಡ್ಡಿಗೆ ಬಹಳ ಹಿತ, ಬೆವರನ್ನು ಹೀರಿಕೊಳ್ಳುತ್ತದೆ. ಆದರೆ ಯಾವ ಹತ್ತಿ ಬಟ್ಟೆಯನ್ನೇ ತಂದರೂ ಕತ್ತರಿ ಹಾಕುವ ಮೊದಲು ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಒಗೆದು, ನೆರಳಿನಲ್ಲಿ ಒಣಗಿಸಿ, ತುಸು ತೇವವಿರುವಾಗಲೇ ಇಸ್ತ್ರಿ ಮಾಡಿ. ಈ ಒಂದು ಕೆಲಸವನ್ನು ಅವಸರದಲ್ಲಿ ಬಿಟ್ಟು, ಎರಡು ದಿನ ಹೊಲಿದ ಉಡುಪು ಮೊದಲ ಒಗೆತಕ್ಕೇ ಗಿಡ್ಡವಾದುದನ್ನು ನೋಡಿ ನಾನು ಬಹಳ ನೊಂದುಕೊಂಡಿದ್ದೇನೆ.

ನಿಮ್ಮ ಪಂಚೆ ಹೊದಿಕೆಗೆ ಒದಗುತ್ತದೆ, ಚಡ್ಡಿಗೆ ಬೇಡ. ವರ್ಷಗಟ್ಟಲೆ ಉಟ್ಟು ಸವೆದ ಬಟ್ಟೆ ಕವಲಿನ ಎಳೆತವನ್ನು ತಾಳದು. ಅದನ್ನು ಬೆಳಕಿಗೆ ಹಿಡಿದು ಎಳೆಗಳು ತೆಳುವಾದ ಜಾಗಗಳನ್ನು ಗುರುತಿಸಿ, ಆ ಭಾಗಗಳನ್ನು ಬಿಟ್ಟು ಕತ್ತರಿಸಿ. ಪಂಚೆಯ ಅಂಚನ್ನೇ ಹೊದಿಕೆಯ ಕೆಳ ಅಂಚಾಗಿ ಇಟ್ಟುಕೊಂಡರೆ ಅಲ್ಲಿ ಮಡಚಿ ಹೊಲಿಯುವ ಕೆಲಸವೇ ಇಲ್ಲ, ಅಂಚಿನ ತೂಕಕ್ಕೆ ಹೊದಿಕೆ ಗಾಳಿಗೆ ಅಷ್ಟಾಗಿ ಹಾರುವುದೂ ಇಲ್ಲ. ಆಗ ಕೆಳಭಾಗವನ್ನು ಬಾಗಿಸದೆ ನೇರವಾಗಿ ಬಿಟ್ಟು, ಎಡಗಡೆಯ ಅಂಚನ್ನು ಮಾತ್ರ ಓರೆಯಾಗಿ ಕತ್ತರಿಸಬೇಕು. ಹೀಗಿಟ್ಟಾಗ ಬಟ್ಟೆಯ ಹಾಸು (ಉದ್ದದ ಎಳೆಗಳು) ಅಡ್ಡಕ್ಕೂ ಹೊಕ್ಕು (ಅಡ್ಡ ಎಳೆಗಳು) ಉದ್ದಕ್ಕೂ ಬರುತ್ತದೆ, ಭಾರ ಹೊರದ ಹೊದಿಕೆಗೆ ಅದರಿಂದ ಯಾವ ತೊಂದರೆಯೂ ಇಲ್ಲ.

ಪ್ರಶ್ನೆ: ಹಿಂದೆಯೂ ಹೊದಿಕೆ ಹಾಕಬಹುದೇ?
— ಓದುಗರೊಬ್ಬರು, ಮೈಸೂರು

ಉತ್ತರ: ಹಾಕಬಹುದು, ಆದರೆ ಕುಳಿತಾಗ ಎರಡು ಪದರ ಮೈಯಡಿ ಮುದುಡಿ ಸೆಕೆಯಾಗುತ್ತದೆ. ಹಿಂದೆಯೂ ಮರೆ ಬೇಕೇಬೇಕೆನ್ನುವವರು ಚಡ್ಡಿಯನ್ನೇ 2 ಇಂಚು ಉದ್ದ ಮಾಡಿ, ಅದರ ಮೇಲೆ ಉದ್ದನೆಯ ಕುರ್ತಾ ಧರಿಸುವುದನ್ನು ನಾನು ಸೂಚಿಸುತ್ತೇನೆ.